ಲೋಮಾಂಗದ ಒಡಲಲ್ಲಿ ಒಂಬತ್ತು ಜೋಡಿ

ಕೆರೆಯ ನೀರಿನ ಒಂದು ಹನಿಯನ್ನು ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರಲ್ಲಿ ಈಜಾಡುವ ಪ್ಯಾರಮೀಸಿಯಂನಂಥ ಏಕಕೋಶಜೀವಿಗಳ ಮೈಸುತ್ತ ಒಂದು ಬಗೆಯ ಮಿನುಗು ಕಾಣುತ್ತದೆ. ಆ ಮಿನುಗು ಲೋಮಾಂಗಗಳದು, ಎಂದರೆ ಕೋಶದ ಮೇಲ್ಮೈಯಿಂದ ಹೊರಚಾಚಿ ನೀರನ್ನು ಬಡಿಯುತ್ತಿರುವ ಕೂದಲೆಳೆಯಂಥ ಅಂಗಗಳದು. ಹಾಲೆಂಡಿನ ಆಂಟನಿ ವಾನ್ ಲೀವೆನ್‌ಹುಕ್ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ದೀರ್ಘ ಪತ್ರದಲ್ಲಿ ಇವುಗಳನ್ನು ಅತಿ ತೆಳುವಾದ ಪುಟ್ಟ ಕಾಲುಗಳೆಂದು ವರ್ಣಿಸಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಕೆಲವು ವಿಜ್ಞಾನಿಗಳು ವೀರ್ಯಾಣುವಿನ ಬಾಲ ಕೊಳೆತು ಸೀಳಿಕೊಂಡಾಗ ಅದು ಹಲವು ಎಳೆಗಳಾಗಿ ಬಿಚ್ಚಿಕೊಳ್ಳುವುದನ್ನು ಗಮನಿಸಿದ್ದರಾದರೂ, ಆ ಎಳೆಗಳು ಒಳಗೆ ಹೇಗೆ ಜೋಡಣೆಗೊಂಡಿವೆ ಎಂಬುದು ಊಹೆಯ ಮಟ್ಟವನ್ನು ದಾಟಲಿಲ್ಲ. ಇದಕ್ಕೆ ಕಾರಣ ಬೆಳಕಿನ ಸ್ವಭಾವದಲ್ಲೇ ಇತ್ತು. ಜರ್ಮನಿಯ ಅರ್ನ್ಸ್ಟ್ ಅಬೆ 1873ರಲ್ಲಿ ತೋರಿಸಿಕೊಟ್ಟಂತೆ, ಮಸೂರ ಎಷ್ಟೇ ಉತ್ತಮವಾಗಿದ್ದರೂ ಬೆಳಕಿನ ತರಂಗಾಂತರದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಅದರಲ್ಲಿ ಬೇರೆಬೇರೆಯಾಗಿ ಕಾಣದೆ ಒಂದರೊಳಗೊಂದು ಕಲೆತುಹೋಗುತ್ತವೆ. ಲೆಕ್ಕದಲ್ಲಿ ಹೇಳುವುದಾದರೆ ಈ ಮಿತಿ ಸುಮಾರು 200 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಲೋಮಾಂಗದ ಒಟ್ಟು ದಪ್ಪವೇ ಸುಮಾರು 250 ನ್ಯಾನೋಮೀಟರ್ ಇರುವುದರಿಂದ, ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದೊಂದು ಗೆರೆಯಾಗಿ ಮಾತ್ರ ದಕ್ಕುತ್ತದೆ.

ಬರ್ಲಿನ್ನಿನಲ್ಲಿ ಮ್ಯಾಕ್ಸ್ ನಾಲ್ ಮತ್ತು ಅರ್ನ್ಸ್ಟ್ ರುಸ್ಕಾ 1931ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬೆಳಕಿನ ಬದಲು ಎಲೆಕ್ಟ್ರಾನುಗಳ ಧಾರೆಯನ್ನೂ ಗಾಜಿನ ಮಸೂರದ ಬದಲು ಕಾಂತಕ್ಷೇತ್ರವನ್ನೂ ಬಳಸುತ್ತದೆ. ಒಂದು ಲಕ್ಷ ವೋಲ್ಟ್‌ನಲ್ಲಿ ಓಡುವ ಎಲೆಕ್ಟ್ರಾನಿನ ತರಂಗಾಂತರ ನ್ಯಾನೋಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿಗಿಂತಲೂ ಕಡಿಮೆಯಿರುವುದರಿಂದ, ಅಬೆ ಹಾಕಿದ ಗಡಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಈ ಉಪಕರಣ ಕೇಳುವ ಬೆಲೆ ದೊಡ್ಡದು. ಎಲೆಕ್ಟ್ರಾನುಗಳು ಗಾಳಿಯಲ್ಲಿ ಚದುರಿಹೋಗುವುದರಿಂದ ಒಳಗೆಲ್ಲ ನಿರ್ವಾತವಿರಬೇಕು, ನಿರ್ವಾತದಲ್ಲಿ ನೀರು ಆವಿಯಾಗುವುದರಿಂದ ಜೀವಿ ಒಣಗಿರಬೇಕು, ಎಲೆಕ್ಟ್ರಾನುಗಳು ದಪ್ಪ ವಸ್ತುವನ್ನು ಹಾಯಲಾರವಾದ್ದರಿಂದ ಅದು ಅತಿ ತೆಳುವಾಗಿರಬೇಕು. ಲೋಮಾಂಗದ ಇಡೀ ಕಥೆ ಚಲನೆಯ ಕಥೆಯಾಗಿರುವಾಗ, ಸತ್ತ, ಒಣಗಿದ, ಕೊಯ್ದ ತುಣುಕುಗಳಿಂದ ಅದನ್ನು ಓದಬೇಕಾಗಿ ಬಂದುದು ಜೀವವಿಜ್ಞಾನದ ಒಂದು ವಿಚಿತ್ರ ಪ್ರಸಂಗ. ಆ ಓದು ಫಲಿಸಿದ್ದರಲ್ಲಿ ಉಪಕರಣದ ಹಿಗ್ಗಿಸುವ ಶಕ್ತಿಗಿಂತ ಹೆಚ್ಚಿನ ಪಾಲು ಮಾದರಿಯನ್ನು ಸಿದ್ಧಪಡಿಸಿದ ಕೈಗಳದು ಮತ್ತು ತಕ್ಕ ಜೀವಿಯನ್ನು ಆರಿಸಿಕೊಂಡ ವಿವೇಕದ್ದು ಎನ್ನಬಹುದು. ಹಾಗೆ ಆರಿಸಿಕೊಂಡ ಜೀವಿಗಳಲ್ಲಿ ಬಹುಪಾಲು ಏಕಕೋಶಜೀವಿಗಳೇ ಆಗಿದ್ದವು.

ಲೋಮಾಂಗ ಮತ್ತು ಕಶಾಂಗ ಎಂಬ ಎರಡು ಹೆಸರುಗಳು ಪಠ್ಯಪುಸ್ತಕಗಳಲ್ಲಿ ಬೇರೆಬೇರೆಯಾಗಿ ಬರುತ್ತವೆ. ಗಿಡ್ಡವಾಗಿದ್ದು ಸಾವಿರಾರು ಸಂಖ್ಯೆಯಲ್ಲಿ ಸಾಲುಗಟ್ಟಿರುವುದು ಲೋಮಾಂಗ, ಉದ್ದವಾಗಿದ್ದು ಒಂದೆರಡೇ ಇರುವುದು ಕಶಾಂಗ ಎಂಬುದು ವಾಡಿಕೆಯ ವಿಂಗಡಣೆ. ಪ್ಯಾರಮೀಸಿಯಂನ ಮೈಮೇಲೆ ಸಾವಿರಾರು ಲೋಮಾಂಗಗಳಿದ್ದರೆ, ಕ್ಲಾಮಿಡೊಮೊನಾಸ್ ಎಂಬ ಹಸಿರು ಶೈವಲದ ಒಂಟಿ ಕೋಶಕ್ಕೆ ಎರಡೇ ಕಶಾಂಗಗಳಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಎರಡರ ಒಳರಚನೆ ಒಂದೇ ಆಗಿ ಕಂಡದ್ದರಿಂದ ಮುಂದಿನ ವಿವರಣೆಯಲ್ಲಿ ಅವನ್ನು ಒಂದೇ ಅಂಗವೆಂದು ಎಣಿಸುವುದು ನ್ಯಾಯ. ಬ್ಯಾಕ್ಟೀರಿಯಾಗಳ ಕಶಾಂಗ ಮಾತ್ರ ಹೆಸರಿಗಷ್ಟೇ ಕಶಾಂಗ. ಅದು ಸುಮಾರು 20 ನ್ಯಾನೋಮೀಟರ್ ದಪ್ಪದ, ಬೇರೆಯೇ ಪ್ರೋಟೀನಿನ ಎಳೆಯಾಗಿದ್ದು ಬುಡದಲ್ಲಿರುವ ಯಂತ್ರದಿಂದ ಗರಗರ ತಿರುಗುತ್ತದೆಯೇ ಹೊರತು ತಾನಾಗಿ ಬಾಗುವುದಿಲ್ಲ.

ಮೊದಮೊದಲು ತೆಳುವಾಗಿ ಕೊಯ್ಯುವ ವಿದ್ಯೆಯೇ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಕೋಶಗಳನ್ನು ತೆಳುಪೊರೆಯೊಂದರ ಮೇಲೆ ಒಣಗಿಸಿ, ನಿರ್ವಾತದಲ್ಲಿ ಲೋಹದ ಆವಿಯನ್ನು ಓರೆಯಾಗಿ ಹಾಯಿಸಿ, ಲೋಹ ಕುಳಿತ ಕಡೆ ಮತ್ತು ಕುಳಿತಿರದ ಕಡೆಗಳ ನಡುವಿನ ನೆರಳಿನಿಂದ ಆಕಾರವನ್ನು ಗುರುತಿಸುತ್ತಿದ್ದರು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಐರೀನ್ ಮ್ಯಾಂಟನ್ ಜರೀಗಿಡಗಳ ಈಜುವ ವೀರ್ಯಾಣುಗಳನ್ನು ಈ ವಿಧಾನದಲ್ಲಿ ನೋಡಿದಾಗ ಸಿಡಿದು ಬಿಚ್ಚಿಕೊಂಡ ಕಶಾಂಗದಲ್ಲಿ ಹನ್ನೊಂದು ಎಳೆಗಳನ್ನು ಎಣಿಸಬಹುದಿತ್ತು, ಅವುಗಳಲ್ಲಿ ಎರಡು ಉಳಿದ ಒಂಬತ್ತರಿಂದ ಭಿನ್ನವಾಗಿದ್ದವು. 1952ರಲ್ಲಿ ಅವರು ಕ್ಲಾರ್ಕ್ ಅವರೊಡನೆ ಸ್ಫ್ಯಾಗ್ನಂ ಎಂಬ ಹಾವಸೆಯ ವೀರ್ಯಾಣುವಿನ ಕುರಿತು ಪ್ರಕಟಿಸಿದ ಲೇಖನದಲ್ಲಿ ಆ ಎರಡು ಎಳೆಗಳು ನಡುವೆಯೂ ಒಂಬತ್ತು ಸುತ್ತಲೂ ನಿಂತ ವ್ಯವಸ್ಥೆ ಸ್ಪಷ್ಟವಾಯಿತು. ಎರಡು ವರ್ಷಗಳ ತರುವಾಯ ಅಮೆರಿಕದ ಡಾನ್ ಫಾಸೆಟ್ ಮತ್ತು ಕೀತ್ ಪೋರ್ಟರ್ ಪ್ರಾಣಿಗಳ ಲೋಮಾಂಗಗಳನ್ನು ತೆಳುವಾಗಿ ಕೊಯ್ದು ನೋಡಿದಾಗಲೂ ಅದೇ ಏರ್ಪಾಡು ಕಂಡಿತು. ಹಾವಸೆಗೂ ಪ್ರಾಣಿಗೂ ಪ್ಯಾರಮೀಸಿಯಂಗೂ ಸಮಾನವಾದ ಈ ನಕ್ಷೆಗೆ ‘ಒಂಬತ್ತು ಕೂಡು ಎರಡು’ ಎಂಬ ಹೆಸರು ನಿಂತಿತು.

ಮ್ಯಾಂಟನ್ ಅವರ ಆಸಕ್ತಿ ಮುಂದೆ ಕಡಲಿನ ಅತಿ ಕಿರಿಯ ಏಕಕೋಶ ಶೈವಲಗಳ ಕಡೆ ತಿರುಗಿತು. ಅವುಗಳಲ್ಲಿ ಮೈಕ್ರೊಮೊನಾಸ್ ಎಂಬುದೊಂದು. ಮೈಯಳತೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲನ್ನೂ ಮುಟ್ಟದ ಈ ಜೀವಿಯ ಒಂದೇ ಕಶಾಂಗದಲ್ಲಿ ಬುಡದ ಗಿಡ್ಡ ಭಾಗ ಮಾತ್ರ ಪೂರ್ಣ ನಕ್ಷೆಯನ್ನು ಹೊಂದಿದ್ದು, ಅಲ್ಲಿಂದ ಮುಂದೆ ನಡುವಿನ ಎರಡು ನಾಳಿಕೆಗಳಷ್ಟೇ ಉದ್ದನೆಯ ಸಣ್ಣ ಬಾಲವಾಗಿ ಚಾಚಿಕೊಂಡಿವೆ. ನಿಯಮ ಗೊತ್ತಾದ ಕೂಡಲೇ ಅದರ ಅಪವಾದಗಳನ್ನು ಹುಡುಕಲು ಏಕಕೋಶಜೀವಿಗಳಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ.

ತೆಳುಕೊಯ್ತದ ವಿದ್ಯೆ ಪಳಗಿದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಲೋಮಾಂಗದ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಗೆರೆಯೂ ಯಾವುದೋ ರಾಸಾಯನಿಕದ ಋಣವನ್ನು ಹೊತ್ತಿದೆ. ಟೆಟ್ರಾಹೈಮೆನಾದಂಥ ಏಕಕೋಶಜೀವಿಗಳನ್ನು ಬೆಳೆಸಿದ ದ್ರವಕ್ಕೆ ಮೊದಲು ಗ್ಲುಟರಾಲ್ಡಿಹೈಡ್ ಸೇರಿಸುತ್ತಾರೆ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಕೋಶವನ್ನು ಇದ್ದ ಭಂಗಿಯಲ್ಲೇ ನಿಲ್ಲಿಸುತ್ತದೆ. ಅನಂತರ ಆಸ್ಮಿಯಂ ಟೆಟ್ರಾಕ್ಸೈಡ್ ಕೋಶಪೊರೆಯ ಕೊಬ್ಬಿನ ಅಂಶವನ್ನು ಹಿಡಿದು ಮಾದರಿಯನ್ನು ಕಪ್ಪಾಗಿಸುತ್ತದೆ. ಹಂತಹಂತವಾಗಿ ಗಾಢವಾಗುವ ಆಲ್ಕೊಹಾಲಿನಲ್ಲಿ ಅದ್ದಿ ನೀರನ್ನು ತೆಗೆದು, ಅದರ ಜಾಗಕ್ಕೆ ದ್ರವರೂಪದ ಅಂಟನ್ನು ತುಂಬಿ, ಬಿಸಿ ಒಲೆಯಲ್ಲಿಟ್ಟು ಗಟ್ಟಿ ಮಾಡಿದರೆ ಕೋಶಗಳು ಹಳದಿ ಪ್ಲಾಸ್ಟಿಕ್ಕಿನ ತುಂಡೊಂದರಲ್ಲಿ ಹುದುಗಿಕೊಳ್ಳುತ್ತವೆ. ಈ ತುಂಡನ್ನು ಕೊಯ್ಯಲು ಉಕ್ಕಿನ ಅಲಗು ಸಾಲದು. ದಪ್ಪ ಗಾಜನ್ನು ಒಡೆದು ಪಡೆದ ಅಂಚು 1950ರ ಸುಮಾರಿಗೆ ಬಳಕೆಗೆ ಬಂತು, ವೆನೆಜುವೆಲಾದ ಉಂಬೆರ್ತೊ ಫೆರ್ನಾಂದೆಸ್ ಮೊರಾನ್ ಕೆಲವೇ ವರ್ಷಗಳಲ್ಲಿ ವಜ್ರದ ಅಲಗನ್ನು ತಂದರು. ಕೊಯ್ದ ಪದರಗಳು ಅಲಗಿನ ಹಿಂದಿರುವ ಪುಟ್ಟ ತೊಟ್ಟಿಯ ನೀರಿನ ಮೇಲೆ ತೇಲುತ್ತವೆ, ಅವುಗಳ ದಪ್ಪವನ್ನು ಅಳೆಯುವುದು ಬಣ್ಣದಿಂದ. ಬೆಳ್ಳಿಯಂತೆ ಹೊಳೆದರೆ ಪದರ ಸುಮಾರು 60ರಿಂದ 90 ನ್ಯಾನೋಮೀಟರ್, ಚಿನ್ನದ ಬಣ್ಣ ಬಂದರೆ ಅದಕ್ಕಿಂತ ದಪ್ಪ, ಬೂದು ಬಣ್ಣವಾದರೆ ಇನ್ನೂ ತೆಳು. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಅವನ್ನು ಎತ್ತಿಕೊಂಡು ಯುರೇನಿಯಂ ಮತ್ತು ಸೀಸದ ಲವಣಗಳಿಂದ ಬಣ್ಣ ಕಟ್ಟಿದ ಮೇಲಷ್ಟೇ ಚಿತ್ರದಲ್ಲಿ ಕಪ್ಪುಬಿಳುಪಿನ ವ್ಯತ್ಯಾಸ ಮೂಡುತ್ತದೆ. ಸೀಸದ ದ್ರಾವಣಕ್ಕೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಗುಲಿದರೆ ಸೀಸದ ಕಾರ್ಬೊನೇಟ್ ಹರಳುಗಟ್ಟಿ ಪದರದ ತುಂಬ ಕರಿಚುಕ್ಕೆಗಳು ಬೀಳುತ್ತವೆ. ಆ ಅನಿಲವನ್ನು ಹೀರಿಕೊಳ್ಳಲೆಂದು ಪಕ್ಕದಲ್ಲಿ ಕಾಸ್ಟಿಕ್ ಸೋಡಾದ ಹರಳುಗಳನ್ನು ಇಡುವುದು ಇಂದಿಗೂ ಪ್ರಯೋಗಾಲಯಗಳ ರೂಢಿ.

ಗ್ಲುಟರಾಲ್ಡಿಹೈಡ್ ಬಳಕೆಗೆ ಬಂದದ್ದು 1963ರಲ್ಲಿ. ಅದಕ್ಕೆ ಹಿಂದೆ ತಣ್ಣನೆಯ ಆಸ್ಮಿಯಂ ಒಂದನ್ನೇ ನೆಚ್ಚಿಕೊಂಡಿದ್ದಾಗ ಕೋಶದ ಒಳಗಿನ ನಾಜೂಕಾದ ನಾಳಿಕೆಗಳು ಸಿದ್ಧತೆಯಲ್ಲೇ ಕರಗಿಹೋಗುತ್ತಿದ್ದವು, ಲೋಮಾಂಗದ ನಾಳಿಕೆಗಳು ಮಾತ್ರ ಗಟ್ಟಿಯಾಗಿದ್ದುದರಿಂದ ಉಳಿಯುತ್ತಿದ್ದವು. ಹೀಗಾಗಿ ಸೂಕ್ಷ್ಮನಾಳಿಕೆ ಎಂದು ಈಗ ಕರೆಯುವ, ಸುಮಾರು 25 ನ್ಯಾನೋಮೀಟರ್ ದಪ್ಪದ ಆ ಪ್ರೋಟೀನ್ ಕೊಳವೆ ಕೋಶದ ತುಂಬೆಲ್ಲ ಇದೆಯೆಂದು ತಿಳಿಯುವ ಸುಮಾರು ಹತ್ತು ವರ್ಷ ಮೊದಲೇ ಅದು ಲೋಮಾಂಗದ ಸ್ವತ್ತೆಂಬಂತೆ ಪರಿಚಿತವಾಗಿತ್ತು. ಚರ್ಮ ಹದಮಾಡಲು ಬಳಸುವ ಟ್ಯಾನಿಕ್ ಆಮ್ಲವನ್ನು ಸಿದ್ಧತೆಗೆ ಸೇರಿಸಿದಾಗ, 1973ರಲ್ಲಿ, ನಾಳಿಕೆಯ ಗೋಡೆ ಹದಿಮೂರು ಉದ್ದೆಳೆಗಳಿಂದ ಆದದ್ದೆಂದು ಎಣಿಸಲು ಸಾಧ್ಯವಾಯಿತು. ಸೂಕ್ಷ್ಮದರ್ಶಕ ಬದಲಾಗಿರಲಿಲ್ಲ, ಬದಲಾದದ್ದು ಬಾಟಲಿಯಲ್ಲಿದ್ದ ದ್ರಾವಣ.

ಪಠ್ಯಪುಸ್ತಕದ ಅಂದವಾದ ರೇಖಾಚಿತ್ರವನ್ನು ನೋಡಿ ಬೆಳೆದವರಿಗೆ ಇಂಥ ಛಾಯಾಚಿತ್ರಗಳು ಮೊದಲ ನೋಟಕ್ಕೆ ನಿರಾಸೆ ತಂದಾವು. ಅಲಗು ಲೋಮಾಂಗಕ್ಕೆ ನೇರ ಅಡ್ಡಲಾಗಿ ಹಾಯ್ದಿದ್ದರೆ ಮಾತ್ರ ವೃತ್ತಗಳು ವೃತ್ತಗಳಾಗಿ ಕಾಣುತ್ತವೆ, ಸ್ವಲ್ಪ ಓರೆಯಾದರೂ ಎಲ್ಲವೂ ಕಲಸಿದಂತಾಗುತ್ತದೆ. ಈ ತೊಡಕನ್ನು ದಾಟಲು ಇಯಾನ್ ಗಿಬನ್ಸ್ ಮತ್ತು ಗ್ರಿಮ್‌ಸ್ಟೋನ್ ಗೆದ್ದಲುಗಳ ಕರುಳಿಗೆ ಮೊರೆಹೋದರು. ಮರ ತಿನ್ನುವ ಗೆದ್ದಲಿನ ಹಿಂಗರುಳಿನಲ್ಲಿ ಟ್ರೈಕೊನಿಂಫಾ ಮೊದಲಾದ ದೊಡ್ಡ ಏಕಕೋಶಜೀವಿಗಳು ವಾಸಿಸುತ್ತವೆ. ಅವುಗಳ ಮೈಮೇಲೆ ಸಾವಿರಾರು ಕಶಾಂಗಗಳು ಒತ್ತೊತ್ತಾಗಿ, ಹತ್ತಿರ ಹತ್ತಿರ ಸಮಾಂತರವಾಗಿ ನಿಂತಿರುವುದರಿಂದ ಒಂದೇ ಪದರದಲ್ಲಿ ಸರಿಯಾದ ಅಡ್ಡಛೇದಗಳು ಹೇರಳವಾಗಿ ಸಿಗುತ್ತವೆ. 1960ರಲ್ಲಿ ಪ್ರಕಟವಾದ ಅವರ ಚಿತ್ರಗಳಲ್ಲಿ ಹೊರಸುತ್ತಿನ ಒಂಬತ್ತೂ ಘಟಕಗಳು ಒಂದಕ್ಕೊಂದು ಅಂಟಿದ ಎರಡೆರಡು ನಾಳಿಕೆಗಳ ಜೋಡಿಗಳಾಗಿದ್ದವು, ಪ್ರತಿ ಜೋಡಿಯ ಒಂದು ನಾಳಿಕೆಯಿಂದ ಎರಡು ಪುಟ್ಟ ತೋಳುಗಳು ಪಕ್ಕದ ಜೋಡಿಯ ಕಡೆಗೆ ಚಾಚಿದ್ದವು, ಮತ್ತು ಬುಡದಿಂದ ತುದಿಯ ಕಡೆಗೆ ನೋಡಿದರೆ ಆ ತೋಳುಗಳೆಲ್ಲವೂ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ಮುಖಮಾಡಿದ್ದವು. ಅದಕ್ಕೆ ಮುಂಚಿನ ವರ್ಷ ಸ್ವೀಡನ್ನಿನ ಬ್ಯೋರ್ನ್ ಆಫ್ಜೆಲಿಯಸ್ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ವೀರ್ಯಾಣುವಿನಲ್ಲಿ ಹೊಸದೊಂದು ಸ್ಥಿರೀಕರಣ ದ್ರಾವಣದ ನೆರವಿನಿಂದ ಇವೇ ತೋಳುಗಳನ್ನು ಗುರುತಿಸಿದ್ದರು.

ತೋಳು ಕಂಡಿತೆಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆಂದು ಹೇಳಲಾಗದು. ಗಿಬನ್ಸ್ ಅವರ ಮುಂದಿನ ಪ್ರಯೋಗದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಟೆಟ್ರಾಹೈಮೆನಾ ದ್ರವಮಾಧ್ಯಮದಲ್ಲಿ ಲೀಟರುಗಟ್ಟಲೆ ಬೆಳೆಯುವ ಜೀವಿಯಾದ್ದರಿಂದ ಅದರ ಲೋಮಾಂಗಗಳನ್ನು ಕಳಚಿ ರಾಸಾಯನಿಕ ವಿಶ್ಲೇಷಣೆಗೆ ಸಾಲುವಷ್ಟು ಪ್ರಮಾಣದಲ್ಲಿ ಒಟ್ಟುಗೂಡಿಸಬಹುದಿತ್ತು. 1963ರಲ್ಲಿ ಅವರು ಹೀಗೆ ಪಡೆದ ಲೋಮಾಂಗಗಳ ಹೊರಪೊರೆಯನ್ನು ಡಿಜಿಟೊನಿನ್ ಎಂಬ ವಸ್ತುವಿನಿಂದ ಕರಗಿಸಿ, ಉಳಿದ ನಾಳಿಕೆಗಳ ಕಟ್ಟನ್ನು ಮೆಗ್ನೀಸಿಯಂ ಕಸಿಯುವ ದ್ರಾವಣದಲ್ಲಿ ಇಟ್ಟರು. ಸ್ವಲ್ಪ ಪ್ರೋಟೀನು ದ್ರಾವಣಕ್ಕೆ ಇಳಿಯಿತು. ಕೋಶದ ಕೆಲಸಗಳಿಗೆಲ್ಲ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಒಡೆಯುವ ಸಾಮರ್ಥ್ಯ ಬಹುಮಟ್ಟಿಗೆ ಆ ಪ್ರೋಟೀನಿನೊಡನೆ ಹೊರಬಂದಿತ್ತು. ಉಳಿದ ಕಟ್ಟನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೋಳುಗಳು ಮಾಯವಾಗಿದ್ದವು. ಮೆಗ್ನೀಸಿಯಂ ಮರಳಿಸಿ ಎರಡನ್ನೂ ಬೆರೆಸಿದಾಗ ಪ್ರೋಟೀನಿನ ಒಂದು ಪಾಲು ಮತ್ತೆ ನಾಳಿಕೆಗಳಿಗೆ ಅಂಟಿ ತೋಳುಗಳು ತಮ್ಮ ಜಾಗದಲ್ಲಿ ಮೂಡಿದವು. ಚಿತ್ರ ಮತ್ತು ರಸಾಯನ ಒಂದನ್ನೊಂದು ಇಷ್ಟು ಚೊಕ್ಕವಾಗಿ ಸಮರ್ಥಿಸಿದ ಪ್ರಯೋಗಗಳು ಆ ಕಾಲದಲ್ಲಿ ವಿರಳ. ಈ ಪ್ರೋಟೀನಿಗೆ ಗಿಬನ್ಸ್ ಮತ್ತು ರೋ 1965ರಲ್ಲಿ ಡೈನೀನ್ ಎಂದು ಹೆಸರಿಟ್ಟರು.

ಇಂಧನ ಉರಿಸುವ ತೋಳು ಸಿಕ್ಕಿತು, ಆದರೆ ಅದರಿಂದ ಲೋಮಾಂಗ ಬಾಗುವುದು ಹೇಗೆ? ನಾಳಿಕೆಗಳು ಒಂದು ಪಕ್ಕದಲ್ಲಿ ಕುಗ್ಗುತ್ತವೆಯೋ, ಅಥವಾ ಉದ್ದ ಬದಲಿಸದೆ ಒಂದರ ಮಗ್ಗುಲಲ್ಲಿ ಒಂದು ಜಾರುತ್ತವೆಯೋ ಎಂಬುದು ಪ್ರಶ್ನೆಯಾಗಿತ್ತು. ಇಸ್ಪೀಟು ಎಲೆಗಳ ಕಟ್ಟನ್ನು ಒಂದು ಕೊನೆಯಲ್ಲಿ ಬಿಗಿಹಿಡಿದು ಬಾಗಿಸಿದರೆ ಇನ್ನೊಂದು ಕೊನೆ ಮಟ್ಟವಾಗಿ ಉಳಿಯದೆ ಇಳಿಜಾರಾಗುತ್ತದೆ, ಏಕೆಂದರೆ ಬಾಗಿನ ಒಳಪಕ್ಕದ ಎಲೆಗಳು ಹೊರಪಕ್ಕದವುಗಳಿಗಿಂತ ಮುಂದೆ ಚಾಚಿಕೊಳ್ಳುತ್ತವೆ. ಪೀಟರ್ ಸಾಟೀರ್ ಸಿಹಿನೀರಿನ ಕಪ್ಪೆಚಿಪ್ಪಿನ ಕಿವಿರಿನಲ್ಲಿರುವ ಲೋಮಾಂಗಗಳನ್ನು ಬಡಿತದ ನಡುವೆಯೇ ಸ್ಥಿರೀಕರಿಸಿ, ಅವುಗಳ ತುದಿಯ ಬಳಿ ಅಡ್ಡಛೇದ ಮಾಡಿ, ಯಾವ ಜೋಡಿ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕಹಾಕಿದರು. ಒಂದು ಕಡೆಗೆ ಬಾಗಿದವುಗಳಲ್ಲಿ ಕೆಲವು ಜೋಡಿಗಳು ಮುಂದೆ ಚಾಚಿದ್ದರೆ, ಎದುರು ಕಡೆಗೆ ಬಾಗಿದವುಗಳಲ್ಲಿ ಇನ್ನೊಂದು ಬದಿಯ ಜೋಡಿಗಳು ಮುಂದಿದ್ದವು. 1960ರ ದಶಕದಲ್ಲಿ ನಡೆದ ಈ ಲೆಕ್ಕಾಚಾರ ಜಾರುವಿಕೆಯ ಪರವಾಗಿ ತೀರ್ಪು ಕೊಟ್ಟಿತು. ಚಲಿಸುವ ವಸ್ತುವನ್ನು ನೋಡದೆಯೇ, ಸತ್ತ ತುದಿಗಳ ಎಣಿಕೆಯೊಂದರಿಂದಲೇ ಚಲನೆಯ ತಂತ್ರವನ್ನು ಸಾಧಿಸಿ ತೋರಿಸಿದ ಈ ವಾದಸರಣಿ ತರ್ಕಪ್ರಿಯರಿಗೆ ಹಬ್ಬ. ಕಣ್ಣಿಗೆ ಕಾಣುವ ಪುರಾವೆ 1971ರಲ್ಲಿ ಬಂತು. ಸಮ್ಮರ್ಸ್ ಮತ್ತು ಗಿಬನ್ಸ್ ಸೀ ಅರ್ಚಿನ್ನಿನ ವೀರ್ಯಾಣುವಿನ ಬಾಲಗಳಿಗೆ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ಉಣಿಸಿ ಜೋಡಿಗಳ ನಡುವಣ ಬಂಧಗಳನ್ನು ಸಡಿಲಿಸಿದ ಮೇಲೆ ಎಟಿಪಿ ಹಾಕಿದಾಗ, ಬಾಗಲು ಹಿಡಿತವಿಲ್ಲದ ಜೋಡಿಗಳು ಒಂದರಿಂದೊಂದು ಜಾರಿ ಹೊರಚಾಚಿದವು.

ಅಂದರೆ ಜಾರುವಿಕೆಯನ್ನು ಬಾಗುವಿಕೆಯಾಗಿ ಬದಲಿಸುವುದು ಆ ಬಂಧಗಳ ಮತ್ತು ನಡುವಿನ ರಚನೆಗಳ ಕೆಲಸ. ಹೊರಜೋಡಿಗಳಿಂದ ನಡುವಿನ ಎರಡು ನಾಳಿಕೆಗಳ ಕಡೆಗೆ ಚಾಚುವ ಅರೆಕಡ್ಡಿಗಳ ಪಾತ್ರವನ್ನು ಕ್ಲಾಮಿಡೊಮೊನಾಸ್‌ನ ವಿಕೃತ ತಳಿಗಳು ಬಯಲಿಗೆ ತಂದವು. ಈಜಲಾರದೆ ತಳ ಸೇರುವ ತಳಿಗಳನ್ನು ಹೆಕ್ಕಿ ಒಂದೊಂದನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಡ್ಡಿದಾಗ, ಒಂದರಲ್ಲಿ ಅರೆಕಡ್ಡಿಗಳೇ ಇಲ್ಲದಿರುವುದೂ ಇನ್ನೊಂದರಲ್ಲಿ ನಡುವಿನ ಜೋಡಿ ಕಾಣೆಯಾಗಿರುವುದೂ ಗೊತ್ತಾಯಿತು. ಡೈನೀನ್ ತೋಳುಗಳು ಎರಡರಲ್ಲೂ ಇದ್ದವು, ಆದರೂ ಕಶಾಂಗ ಸೆಟೆದು ನಿಂತಿತ್ತು.

ಒಂದೇ ಲೋಮಾಂಗದ ಬಡಿತದಿಂದ ಸಾವಿರಾರು ಲೋಮಾಂಗಗಳ ಹೊಂದಾಣಿಕೆಯ ಕಡೆಗೆ ಬಂದರೆ ಮಾದರಿಯ ಸಿದ್ಧತೆ ಇನ್ನೂ ಸೂಕ್ಷ್ಮವಾಗುತ್ತದೆ. ಪ್ಯಾರಮೀಸಿಯಂನ ಮೈಮೇಲೆ ಲೋಮಾಂಗಗಳು ಒಮ್ಮೆಲೇ ಬಡಿಯದೆ, ಒಂದರ ಹಿಂದೆ ಒಂದು ಕಿಂಚಿತ್ ತಡವಾಗಿ ಬಡಿಯುವುದರಿಂದ ಅಲೆಗಳು ಹರಿಯುತ್ತವೆ. ಹಂಗೆರಿಯ ಬೇಲಾ ಪಾರ್ದುಟ್ಸ್ ಆಸ್ಮಿಯಂ ಟೆಟ್ರಾಕ್ಸೈಡ್ ಮತ್ತು ಪಾದರಸದ ಕ್ಲೋರೈಡಿನ ಮಿಶ್ರಣವನ್ನು ಹಠಾತ್ತನೆ ಸುರಿದು ಆ ಅಲೆಯನ್ನು ಇದ್ದ ಹಾಗೆಯೇ ಹಿಡಿದು ನಿಲ್ಲಿಸಬಹುದೆಂದು ತೋರಿಸಿದ್ದರು. ಆದರೆ ಒಣಗಿಸುವಾಗ ನೀರಿನ ಮೇಲ್ಮೈ ಎಳೆತಕ್ಕೆ ಲೋಮಾಂಗಗಳು ಮುದುಡಿ ಮೈಗಂಟುತ್ತಿದ್ದವು. ದ್ರವವನ್ನು ಒತ್ತಡ ಮತ್ತು ಉಷ್ಣತೆಗಳ ನಿರ್ಣಾಯಕ ಬಿಂದುವಿಗೆ ಒಯ್ದರೆ ದ್ರವ ಮತ್ತು ಅನಿಲಗಳ ನಡುವಿನ ಗಡಿಯೇ ಅಳಿಯುವುದರಿಂದ ಎಳೆತದ ಪ್ರಶ್ನೆ ಬರುವುದಿಲ್ಲ. ಹಾರಿಜ್ ಮತ್ತು ಟ್ಯಾಮ್ 1969ರಲ್ಲಿ ಈ ಬಗೆಯಲ್ಲಿ ಒಣಗಿಸಿದ ಓಪಲೈನಾವನ್ನು, ಎಂದರೆ ಕಪ್ಪೆಯ ಗುದನಾಳದಲ್ಲಿ ವಾಸಿಸುವ ಚಪ್ಪಟೆ ಏಕಕೋಶಜೀವಿಯನ್ನು, ಮೇಲ್ಮೈಯನ್ನು ಉಬ್ಬುತಗ್ಗುಗಳೊಡನೆ ತೋರಿಸುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಮಾಂಗಗಳ ಅಲೆಗಳನ್ನು ಅಲೆಗಳಾಗಿಯೇ ಕಂಡರು. ಹೀಗೆ ನಿಂತ ಅಲೆಯಲ್ಲಿ ಪ್ರತಿ ಲೋಮಾಂಗವೂ ಬಡಿತದ ಒಂದೊಂದು ಕ್ಷಣವನ್ನು ಪ್ರತಿನಿಧಿಸುವುದರಿಂದ, ಸ್ಥಳದಲ್ಲಿ ಹರಡಿದ್ದನ್ನು ಕಾಲದ ಸರಣಿಯಾಗಿ ಓದಬಹುದು. ಒಮೊಟೊ ಮತ್ತು ಚಿಂಗ್ ಕುಂಗ್ 1980ರ ಸುಮಾರಿಗೆ ಇದೇ ಉಪಾಯದಿಂದ ಪ್ಯಾರಮೀಸಿಯಂನಲ್ಲಿ ನಡುವಿನ ನಾಳಿಕೆ ಜೋಡಿ ಪ್ರತಿ ಬಡಿತಕ್ಕೂ ತಿರುಗುತ್ತದೆಂದು ತೋರಿಸಿದರು. ಕಪ್ಪೆಚಿಪ್ಪಿನ ಕಿವಿರಿನಲ್ಲಿ ಅದು ತಿರುಗುವುದಿಲ್ಲ.

ಕಣ್ಣಿಗೆ ಲೋಮಾಂಗವಾಗಿ ಕಂಡದ್ದು ಲೋಮಾಂಗವೇ ಅಲ್ಲವೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೀರ್ಪು ಕೊಟ್ಟ ಪ್ರಸಂಗವೂ ಒಂದಿದೆ. ಉತ್ತರ ಆಸ್ಟ್ರೇಲಿಯಾದ ಮ್ಯಾಸ್ಟೊಟರ್ಮಿಸ್ ಡಾರ್ವಿನಿಯೆನ್ಸಿಸ್ ಎಂಬ ಗೆದ್ದಲಿನ ಕರುಳಿನಲ್ಲಿ ಅರ್ಧ ಮಿಲಿಮೀಟರಿನಷ್ಟು ದೊಡ್ಡದಾದ ಏಕಕೋಶಜೀವಿಯೊಂದನ್ನು 1933ರಲ್ಲಿ ಜೀನ್ ಸದರ್ಲೆಂಡ್ ವರ್ಣಿಸಿದರು. ಅದರ ಮುಂತುದಿಯಲ್ಲಿ ನಾಲ್ಕು ಕಶಾಂಗಗಳಿದ್ದವು, ಮೈತುಂಬ ಲೋಮಾಂಗಗಳಿರುವಂತಿತ್ತು. ಈ ಎರಡೂ ಒಂದೇ ಜೀವಿಯಲ್ಲಿ ಹೀಗೆ ಕೂಡಿರುವುದು ಅನಿರೀಕ್ಷಿತವಾದ್ದರಿಂದ ಅದಕ್ಕೆ ಮಿಕ್ಸೊಟ್ರಿಕಾ ಪ್ಯಾರಡಾಕ್ಸಾ ಎಂಬ ಹೆಸರು ಬಿತ್ತು. ಮೂರು ದಶಕಗಳ ಬಳಿಕ, 1964ರಲ್ಲಿ, ಕ್ಲೀವ್‌ಲೆಂಡ್ ಮತ್ತು ಗ್ರಿಮ್‌ಸ್ಟೋನ್ ಅದರ ತೆಳುಪದರಗಳನ್ನು ನೋಡಿದಾಗ ಆ ‘ಲೋಮಾಂಗ’ಗಳ ಅಡ್ಡಛೇದದಲ್ಲಿ ಒಂಬತ್ತೂ ಇರಲಿಲ್ಲ, ಎರಡೂ ಇರಲಿಲ್ಲ. ಅವು ಸ್ಪೈರೊಕೀಟ್ ಎಂಬ ಸುರುಳಿ ಬ್ಯಾಕ್ಟೀರಿಯಾಗಳಾಗಿದ್ದವು. ಜೀವಿಯ ಮೇಲ್ಮೈಯಲ್ಲಿ ಸಾಲಾಗಿ ಎದ್ದ ಸಣ್ಣ ಚಾಚುಪೀಠಗಳಿಗೆ ಅವು ಕಚ್ಚಿಕೊಂಡಿದ್ದು, ಪೀಠಗಳಿಗೆ ತಗುಲಿಕೊಂಡಂತೆ ಇನ್ನೊಂದು ಜಾತಿಯ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳಿದ್ದವು. ಸ್ವಂತ ಕಶಾಂಗಗಳು ದಿಕ್ಕು ತಿರುಗಿಸಲಷ್ಟೇ ಬಳಕೆಯಾಗುತ್ತಿದ್ದು, ಮೈಯನ್ನು ಮುಂದಕ್ಕೊಯ್ಯುವ ಕೆಲಸ ಈ ಬಾಡಿಗೆದಾರರದಾಗಿತ್ತು. ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಎಲ್ಲ ಲೋಮಾಂಗಗಳೂ ಹೀಗೆಯೇ ಅಂಟಿಕೊಂಡ ಸ್ಪೈರೊಕೀಟುಗಳಿಂದ ವಿಕಾಸಗೊಂಡವೆಂದು ದಶಕಗಳ ಕಾಲ ವಾದಿಸಿದರಾದರೂ, ಮೈಟೊಕಾಂಡ್ರಿಯಾಗಳೂ ಬ್ಯಾಕ್ಟೀರಿಯಾಗಳಿಂದ ಬಂದವೆಂಬ ಅವರ ವಾದಕ್ಕೆ ಸಿಕ್ಕ ಪುರಾವೆ ಇದಕ್ಕೆ ಸಿಗಲಿಲ್ಲ. ಸ್ಪೈರೊಕೀಟಿನಲ್ಲಿ ಒಂಬತ್ತು ಕೂಡು ಎರಡರ ಸುಳಿವಿಲ್ಲ, ಲೋಮಾಂಗದಲ್ಲಿ ಡಿಎನ್‌ಎ ಇಲ್ಲ.

ಲೋಮಾಂಗದ ಬುಡದಲ್ಲಿ ಕೋಶದೊಳಕ್ಕೆ ಹೂತುಕೊಂಡಿರುವ ಮೂಲಕಾಯದ ಕಥೆಯೂ ಇದಕ್ಕಿಂತ ಕಡಿಮೆ ಸ್ವಾರಸ್ಯದ್ದಲ್ಲ. ಅಲ್ಲಿ ಜೋಡಿಗಳ ಬದಲು ಮೂರು ಮೂರು ನಾಳಿಕೆಗಳ ಒಂಬತ್ತು ಕಟ್ಟುಗಳಿವೆ. ಇಂಡಿಯಾನಾ ವಿಶ್ವವಿದ್ಯಾಲಯದ ಟ್ರೇಸಿ ಸಾನ್‌ಬಾರ್ನ್ ಮತ್ತು ಫ್ರಾನ್ಸಿನ ಜನೀನ್ ಬೇಸೊನ್ 1965ರಲ್ಲಿ ವರದಿ ಮಾಡಿದಂತೆ, ಪ್ಯಾರಮೀಸಿಯಂನ ಕೆಲವು ಲೋಮಾಂಗ ಸಾಲುಗಳು ಆಕಸ್ಮಿಕವಾಗಿ ಹಿಂದುಮುಂದಾಗಿ ತಿರುಗಿದ್ದರೆ, ಜೀನ್‌ಗಳಲ್ಲಿ ಯಾವ ಬದಲಾವಣೆಯೂ ಇಲ್ಲದೆ ಆ ತಿರುವು 800 ತಲೆಮಾರುಗಳವರೆಗೂ ಸಂತತಿಗೆ ದಾಟುತ್ತಿತ್ತು. ಅದೇ ವಿಶ್ವವಿದ್ಯಾಲಯದ ರೂತ್ ಡಿಪೆಲ್ 1968ರಲ್ಲಿ ಪ್ರಕಟಿಸಿದ ಎಲೆಕ್ಟ್ರಾನ್ ಚಿತ್ರಗಳಲ್ಲಿ ಇದರ ವಿವರಣೆಗೆ ಆಧಾರ ಸಿಗುತ್ತದೆ: ಹೊಸ ಮೂಲಕಾಯ ಹಳೆಯದರ ಮುಂಬದಿಗೆ ಹತ್ತಿಕೊಂಡಂತೆ, ಅದಕ್ಕೆ ಲಂಬವಾಗಿ ಹುಟ್ಟಿ, ಬೆಳೆದ ಮೇಲೆ ಎದ್ದು ನಿಂತು ಸಾಲಿಗೆ ಸೇರುತ್ತದೆ. ಹಳೆಯದರ ‘ಮುಂಬದಿ’ ಯಾವ ಕಡೆಗಿದೆಯೋ ಹೊಸದರದೂ ಅದೇ ಕಡೆ. ಆನುವಂಶಿಕತೆಯೆಂದರೆ ಡಿಎನ್‌ಎ ಎಂದು ಮುಗಿಸಿಬಿಡುವವರು ಈ ಒಂದು ಉದಾಹರಣೆಯ ಬಳಿ ತುಸು ನಿಂತು ಹೋಗಬೇಕು.

ನೀರು ತೆಗೆದು, ಲೋಹ ಬಳಿದು ಪಡೆದ ಚಿತ್ರ ನಂಬತಕ್ಕದ್ದೇ ಎಂಬ ಸಂದೇಹ ಮೊದಲಿಂದಲೂ ಇತ್ತು. ಅದಕ್ಕೆ ಉತ್ತರವಾಗಿ ಬಂದದ್ದು ಶೀತಲೀಕರಣದ ಮಾರ್ಗ. ಜಾಕ್ ದುಬೊಷೆ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ತೆಳುವಾದ ನೀರಿನ ಪದರವನ್ನು ದ್ರವರೂಪದ ಈಥೇನಿಗೆ ಥಟ್ಟನೆ ಅದ್ದಿದರೆ ಅದು ಹರಳುಗಟ್ಟಲು ಸಮಯವೇ ಸಿಗದೆ ಗಾಜಿನಂತೆ ಘನವಾಗುತ್ತದೆಂದು ತೋರಿಸಿದರು. 2017ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಂದಿತು. ಈ ವಿಧಾನದಲ್ಲಿ ಬಣ್ಣವೂ ಬೇಡ, ಅಂಟೂ ಬೇಡ. ಬೆಳಕಿಗೆ ಅತಿ ಸಣ್ಣದೆನಿಸಿದ್ದ ಲೋಮಾಂಗದ 250 ನ್ಯಾನೋಮೀಟರ್ ದಪ್ಪ ಇಲ್ಲಿ ಅನುಕೂಲವೇ ಆಯಿತು, ಏಕೆಂದರೆ ಎಲೆಕ್ಟ್ರಾನುಗಳು ಅಷ್ಟು ದಪ್ಪವನ್ನು ಕೊಯ್ಯದೆಯೂ ಹಾಯಬಲ್ಲವು. ಮಾದರಿಯನ್ನು ಬೇರೆಬೇರೆ ಕೋನಗಳಿಗೆ ವಾಲಿಸಿ ತೆಗೆದ ಚಿತ್ರಗಳನ್ನು ಗಣಕದಲ್ಲಿ ಕೂಡಿಸಿ ಮೂರು ಆಯಾಮದ ರೂಪ ಕಟ್ಟುವ ಟೊಮೊಗ್ರಫಿಯ ಮೂಲಕ ಡೇನಿಯೆಲಾ ನಿಕಾಸ್ಟ್ರೊ ಮತ್ತು ಸಂಗಡಿಗರು 2006ರಲ್ಲಿ ಕ್ಲಾಮಿಡೊಮೊನಾಸ್‌ನ ಕಶಾಂಗವನ್ನು ಪರಿಶೀಲಿಸಿದರು. ಹೊರತೋಳುಗಳು 24 ನ್ಯಾನೋಮೀಟರಿಗೆ ಒಂದರಂತೆಯೂ, ಅರೆಕಡ್ಡಿ ಮತ್ತು ಒಳತೋಳುಗಳನ್ನೊಳಗೊಂಡ ಇಡೀ ವಿನ್ಯಾಸ 96 ನ್ಯಾನೋಮೀಟರಿಗೊಮ್ಮೆಯೂ ಮರುಕಳಿಸುವ ಕ್ರಮ ಅದರಲ್ಲಿ ವಿವರವಾಗಿ ಮೂಡಿತು. 2019ರ ಹೊತ್ತಿಗೆ ಜೋಡಿನಾಳಿಕೆಗಳ ಒಳಗೋಡೆಗೆ ಹತ್ತಿಕೊಂಡ ಮೂವತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಅಣುರಚನೆಯ ಮಟ್ಟದಲ್ಲಿ ಕಂಡವು. ಟೊಳ್ಳು ಕೊಳವೆಯೆಂದು ಅರ್ಧ ಶತಮಾನ ಚಿತ್ರಿಸಿದ್ದು ಟೊಳ್ಳಾಗಿರಲಿಲ್ಲ.

ಕೆರೆನೀರಿನ ಜೀವಿಗಳ ಈ ಅಧ್ಯಯನ ಮನುಷ್ಯನ ರೋಗಗಳನ್ನು ಮುಟ್ಟಿದ್ದು ಬಹಳ ಹಿಂದೆಯೇ. ಆಫ್ಜೆಲಿಯಸ್ 1976ರಲ್ಲಿ ಮಕ್ಕಳಾಗದ, ಶ್ವಾಸಕೋಶದ ಸೋಂಕುಗಳಿಂದ ಬಳಲುವ ಕೆಲವು ಪುರುಷರ ಲೋಮಾಂಗಗಳಲ್ಲಿ ಡೈನೀನ್ ತೋಳುಗಳಿಲ್ಲವೆಂದು ತೋರಿಸಿದರು. ಅವರಲ್ಲಿ ಕೆಲವರಿಗೆ ಹೃದಯ ಬಲಕ್ಕಿತ್ತು. 1993ರಲ್ಲಿ ಕ್ಲಾಮಿಡೊಮೊನಾಸ್‌ನ ಕಶಾಂಗದ ಪೊರೆಯ ಕೆಳಗೆ ಸರಕು ಸಾಗಿಸುವ ಕಣಗಳ ಸಾಲುಗಳು ಮೇಲೂ ಕೆಳಗೂ ಓಡಾಡುವುದನ್ನು ಕೊಜ್ಮಿನ್‌ಸ್ಕಿ, ರೋಸೆನ್‌ಬಾಮ್ ಮತ್ತಿತರರು ಕಂಡರು, ಅದರ ಎಳೆ ಹಿಡಿದು ಹೋದ ಸಂಶೋಧನೆ 2000ದಲ್ಲಿ ಇಲಿಗಳ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ರೋಗದ ಮೂಲಕ್ಕೆ ತಲುಪಿತು. ಎದುರುಬದುರಾಗಿ ಓಡುವ ಆ ಸಾಲುಗಳು ಡಿಕ್ಕಿಯಾಗದಿರುವುದು ಏಕೆಂಬುದನ್ನು ಸ್ಟೆಪಾನೆಕ್ ಮತ್ತು ಪಿಜಿನೊ 2016ರಲ್ಲಿ ಬಿಡಿಸಿದರು: ಪ್ರತಿ ಜೋಡಿಯ ಒಂದು ನಾಳಿಕೆ ಹೋಗುವ ಹಳಿ, ಇನ್ನೊಂದು ಬರುವ ಹಳಿ.

ಇನ್ನು ಉಳಿದದ್ದು ಒಂಬತ್ತೇ ಏಕೆ ಎಂಬ ಪ್ರಶ್ನೆ. ಮೂಲಕಾಯ ಹುಟ್ಟುವಾಗ ಅದರ ನಡುವೆ ಮೊದಲು ಕಾಣಿಸುವುದು ಗಾಲಿಯ ಆಕಾರದ, ಒಂಬತ್ತು ಅರೆಗಳ ಒಂದು ಚೌಕಟ್ಟು. ಸಾಸ್-6 ಎಂಬ ಪ್ರೋಟೀನಿನ ಜೋಡಿ ಅಣುಗಳು ಒಂಬತ್ತು ಸೇರಿ ಉಂಗುರವಾಗುವುದರಿಂದ ಅದು ರೂಪುಗೊಳ್ಳುತ್ತದೆಂದು 2011ರಲ್ಲಿ ಎರಡು ಗುಂಪುಗಳು ತೋರಿಸಿದವು. ಕ್ಲಾಮಿಡೊಮೊನಾಸ್‌ನಲ್ಲಿ ಈ ಪ್ರೋಟೀನು ಕೆಟ್ಟ ತಳಿಯೊಂದರಲ್ಲಿ ಬಹುತೇಕ ಮೂಲಕಾಯಗಳು ಚೂರಾಗಿದ್ದರೆ, ಉಂಗುರವಾಗಿ ಕೂಡಿಕೊಂಡ ಕೆಲವುಗಳಲ್ಲಿ ಏಳರಿಂದ ಹನ್ನೊಂದರವರೆಗೆ ಬೇರೆಬೇರೆ ಸಂಖ್ಯೆಯ ಕಟ್ಟುಗಳಿದ್ದವು. ಕಟ್ಟೋಣಕ್ಕೆ ಒಂಬತ್ತು ಬೇಕು, ನಿಜ, ಬಡಿತಕ್ಕೂ ಬೇಕೇ? ಗ್ರೆಗರೈನ್ ಎಂಬ ಏಕಕೋಶ ಪರೋಪಜೀವಿಗಳ ಗಂಡು ಕೋಶಗಳನ್ನು ಫ್ರೆಂಚ್ ಸಂಶೋಧಕರು ಕೊಯ್ದು ನೋಡಿದಾಗ ಒಂದು ಜಾತಿಯಲ್ಲಿ ನಡುವೆ ಏನೂ ಇಲ್ಲದ ಆರು ಜೋಡಿಗಳೂ, 1980ರಲ್ಲಿ ವರದಿಯಾದ ಡಿಪ್ಲಾಕ್ಸಿಸ್ ಹಾಟಿ ಎಂಬ ಇನ್ನೊಂದು ಜಾತಿಯಲ್ಲಿ ಬರೀ ಮೂರು ಜೋಡಿಗಳೂ ಇದ್ದವು. ಆ ಮೂರು ಜೋಡಿಗಳ ಕಶಾಂಗ ನಿಧಾನವಾಗಿಯಾದರೂ ಬಡಿಯುತ್ತದೆ.